ಸಿಯೋಲ್ ದರ್ಬಾರಿನ ಬಿಳಿ ಟೋಪಿ

ಹೋಟೆಲು ಎಂದರೆ ಒಬ್ಬರು ಅಡಿಗೆ ಮಾಡಿ, ಇನ್ನೊಬ್ಬರು ಅದನ್ನು ಉಣ್ಣತಕ್ಕ ಸ್ಥಳ. ಇದು ತಿನಿಸು ಪರವಾನಗಿ ಮತ್ತು ಪಾಕ ಪರಿಶೀಲನಾ ಉಪಕಚೇರಿಯ ಏಳನೆಯ ನಿಯಮ. ೧೯೮೮ನೇ ಇಸವಿಯ ಮಾರ್ಚ್ ತಿಂಗಳವರೆಗೆ ಕಲಬುರಗಿಯಲ್ಲಿ ಈ ನಿಯಮವನ್ನು ಯಾರೂ ಮುರಿದಿರಲಿಲ್ಲ. ಅದನ್ನು ಮುರಿಯಲು ಬರುತ್ತದೆ ಎಂದು ಯಾರಿಗೂ ಹೊಳೆದಿರಲೂ ಇಲ್ಲ.

ಮುರಿದವನು ಕಮಲಾಪುರದ ಖಾಜಾ. ಸೌದಿಯ ಮರಳಿನಲ್ಲಿ ರಸ್ತೆ ಹಾಕುತ್ತಿದ್ದ ಒಂದು ಕೊರಿಯಾ ಕಂಪನಿಯ ಅಡಿಗೆಮನೆಯಲ್ಲಿ ಅವನು ಆರು ವರ್ಷ ದುಡಿದಿದ್ದ. ಕೊರಿಯಾದವರಿಂದ ಅವರ ಅಡಿಗೆಯನ್ನೂ, ಪಕ್ಕದ ಬಿಡಾರದ ಜಪಾನಿ ಇಂಜಿನಿಯರನಿಂದ ಸುಶಿ ಎಂಬ ತಿನಿಸನ್ನೂ ಕಲಿತು, ಎರಡು ಟ್ರಂಕು ಹೊತ್ತು ಊರಿಗೆ ಬಂದ. ಆ ವರ್ಷ ಸಿಯೋಲಿನಲ್ಲಿ ಒಲಿಂಪಿಕ್ಸ್ ಇತ್ತಾದ್ದರಿಂದ ಸ್ಟೇಶನ್ ಬಜಾರದಲ್ಲಿ ಒಂದು ಮಳಿಗೆ ಹಿಡಿದು ‘ಹೋಟೆಲ್ ಸಿಯೋಲ್ ದರ್ಬಾರ್’ ಎಂದು ಬೋರ್ಡು ಬರೆಸಿದ. ಹೆಂಡತಿ ಜೈನಾಬಿ ಕಮಲಾಪುರದ ಮನೆಯಲ್ಲೇ ಇದ್ದು, ಕೋಬಿಗೆ, ಅಂದರೆ ಎಲೆಕೋಸಿಗೆ, ಉಪ್ಪು ಖಾರ ಹಚ್ಚಿ ಗಡಿಗೆಯಲ್ಲಿ ತುಂಬಿ, ಬೇವಿನ ಗಿಡದ ಕೆಳಗೆ ಹೂಳಿಡುತ್ತಿದ್ದಳು. ಕೊರಿಯಾದವರು ಅದನ್ನು ಕಿಮ್ಚಿ ಎನ್ನುತ್ತಾರೆ. ನಮ್ಮವರು ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಉಪ್ಪಿನಕಾಯಿ, ಇದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ ಎಂದು ಕೇಳಿ ಇನ್ನೊಂದು ಚೂರು ಹಾಕಿಸಿಕೊಂಡರು.

ಪ್ರತಿ ಮೇಜಿನ ನಡುವೆ ಇದ್ದಿಲು ಉರಿಯುವ ಒಂದು ಸಣ್ಣ ಶೇಗಡಿ. ಅದರ ಮೇಲೊಂದು ಕಬ್ಬಿಣದ ಜಾಳಿಗೆ. ಮಸಾಲೆ ಹಚ್ಚಿದ ಕೋಳಿಯನ್ನೋ ಬದನೆಕಾಯಿಯನ್ನೋ ತಂದಿಟ್ಟರೆ ಗಿರಾಕಿಯು ತಾನೇ ಸುಟ್ಟುಕೊಂಡು ತಾನೇ ತಿನ್ನಬೇಕು. ನಾನು ಇದೇ ಊರಿನ ಗಾಜಿಪುರ ಓಣಿಯವನು, ಎರಡನೇ ದಿನವೇ ಹೋಗಿ ಬದನೆಕಾಯಿ ಸುಟ್ಟೆ. ಸ್ವಲ್ಪ ಸೀದಿತು. ಬೈಯಲು ಯಾರೂ ಇರಲಿಲ್ಲವಾದ್ದರಿಂದ ಸುಮ್ಮನೆ ತಿಂದೆ.

ಮೂರನೇ ದಿನ ಪಾಕ ಪರಿವೀಕ್ಷಕ ಪ್ರಹ್ಲಾದರಾಯರು, ಗುಮಾಸ್ತ ಬಂಡುವಿನೊಡನೆ ತಪಾಸಣೆಗೆ ಬಂದರು. ಪ್ರಹ್ಲಾದರಾಯರು ಲಂಚ ತಿನ್ನುವವರಲ್ಲ. ನಮೂನೆ ತಿನ್ನುವವರು. ಯಾವುದೇ ತಿನಿಸಿನ ನಮೂನೆಯನ್ನು ಮೂವತ್ತು ದಿನ ಸತತವಾಗಿ ಪರೀಕ್ಷಿಸದೆ ಅಭಿಪ್ರಾಯ ಕೊಡಬಾರದೆಂಬುದು ಅವರ ತತ್ವ.

“ಇಲ್ಲಿ ಅಡಿಗಿ ಯಾರು ಮಾಡ್ತಾರ?” ಎಂದು ಕೇಳಿದರು.

“ಗಿರಾಕಿಗೋಳೇ ಮಾಡ್ಕೋತಾರ್ರಿ ಸಾಹೇಬರ,” ಎಂದ ಖಾಜಾ.

“ಮತ್ತ ಉಣ್ಣೋರು?”

“ಅವರೇ ರೀ.”

ಪ್ರಹ್ಲಾದರಾಯರು ಕುರ್ಚಿ ಎಳೆದುಕೊಂಡು ಕೂತರು. ಸಮಸ್ಯೆ ದೊಡ್ಡದಾಗಿತ್ತು. ಅಲ್ಲಿ ಕೂತ ಒಂಬತ್ತು ಜನ ಗಿರಾಕಿಗಳೆಂದರೆ ಹೋಟೆಲಿಗೆ ಅಡಿಗೆಯವನೇ ಇಲ್ಲ. ಅವರು ಅಡಿಗೆಯವರೆಂದರೆ ಗಿರಾಕಿಯೇ ಇಲ್ಲ. ಇಬ್ಬರಲ್ಲಿ ಒಬ್ಬರಿಲ್ಲದ ಹೋಟೆಲಿಗೆ ಪರವಾನಗಿ ಕೊಡಲು ಬರುವುದಿಲ್ಲ. ಮೇಲಾಗಿ ಹನ್ನೊಂದನೆಯ ನಿಯಮದ ಪ್ರಕಾರ ಹೋಟೆಲಿನಲ್ಲಿ ಒಲೆ ಮುಟ್ಟುವ ಪ್ರತಿಯೊಬ್ಬನ ಹತ್ತಿರ ಆರೋಗ್ಯದ ಚೀಟಿ ಇರಬೇಕು, ಉಗುರು ಕತ್ತರಿಸಿರಬೇಕು. ಬಂಡು ಅಲ್ಲಿಯೇ ಒಂಬತ್ತೂ ಜನರ ಉಗುರು ನೋಡಿ ಬರೆದುಕೊಂಡ.

ಆಮೇಲೆ ಸುಶಿ ಬಂತು. ಹುಳಿ ಹಾಕಿ ಕಲಸಿದ ಅನ್ನ, ಮೇಲೊಂದು ಭೀಮಾ ನದಿಯ ಮೀನಿನ ಹಸಿ ತುಂಡು. ಶಾಕಾಹಾರಿಗಳಿಗೆ ಮೀನಿನ ಬದಲು ಕಮಲಾಪುರದ ಕೆಂಪು ಬಾಳೆಹಣ್ಣು. ಸುತ್ತಲೂ ಟ್ರಂಕಿನಲ್ಲಿ ತಂದ ಕಡಲಪಾಚಿಯ ಕಪ್ಪು ಹಾಳೆ. ಕಚೇರಿಗೆ ಒಂದೂವರೆ ವರ್ಷದಿಂದ ಕಾರ್ಬನ್ ಕಾಗದ ಸರಬರಾಜಾಗಿರಲಿಲ್ಲ. ಬಂಡು ಆ ಹಾಳೆಗಳನ್ನು ಕಂಡವನೇ ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ಕಟ್ಟು ವಶಪಡಿಸಿಕೊಂಡ. ಮರುದಿನ ಟೈಪು ಮಾಡಿದ ನೋಟೀಸಿನ ಎರಡನೇ ಪ್ರತಿ ಮೂಡಲಿಲ್ಲ; ಮಧ್ಯಾಹ್ನದ ಹೊತ್ತಿಗೆ ಇರುವೆ ಮಾತ್ರ ಬಂದವು.

“ಇದನ್ನ ಯಾರು ಬೇಯಿಸ್ಯಾರ?” ಎಂದು ಪರಿವೀಕ್ಷಕರು ಬಾಳೆಹಣ್ಣಿನ ಸುಶಿಯ ಐದನೆಯ ನಮೂನೆ ಪರೀಕ್ಷಿಸುತ್ತ ಕೇಳಿದರು.

“ಯಾರೂ ಬೇಯಿಸಿಲ್ರಿ. ಅದು ಹಂಗ ತಿನ್ನೂದು.”

“ಬೇಯಿಸಲಾರದ್ದು ಮಾರಿದ್ರ ಹೋಟೆಲ್ ಅನಸ್ಕೋತದೇನಪಾ? ಕಾಯಿಪಲ್ಲೆ ಅಂಗಡಿ ಆಗ್ತದ.”

ಖಾಜಾನ ಪರವಾನಗಿಯ ಅರ್ಜಿ ಅಲ್ಲಿಗೆ ನಿಂತಿತು; ನಮೂನೆ ಪರೀಕ್ಷೆಗೆಂದು ಹೋಟೆಲು ಮಾತ್ರ ನಡೆದಿತ್ತು. ಇಲ್ಲಿ ಒಂದು ಮಾತು ಹೇಳಬೇಕು. ಅರ್ಜಿಯ ಜೊತೆಗೆ ಅನುಭವದ ಪುರಾವೆ ಕೊಡಬೇಕೆಂದು ಕಚೇರಿ ಕೇಳಿದಾಗ ಖಾಜಾ ತನ್ನಲ್ಲಿದ್ದ ಒಂದೇ ಕಾಗದ ಕೊಟ್ಟಿದ್ದ. ಅದು ಸೌದಿಯ ಕಂಪನಿಯ ಪತ್ರ. ಮೇ ಹದಿನೈದರೊಳಗೆ ಮರಳಿ ಬಂದರೆ ಇನ್ನೂ ಮೂರು ವರ್ಷದ ಕೆಲಸ ಇದೆ, ಬರುವಾಗ ಇದೇ ಪತ್ರ ತರಬೇಕು ಎಂದು ಅದರಲ್ಲಿತ್ತು. ಪರವಾನಗಿ ನಿರಾಕರಿಸಿದರೆ ಮೂಲ ಕಾಗದ ಮರಳಿ ಕೊಡಲಾಗುವುದು, ಮಂಜೂರಾದರೆ ಅದು ಕಡತದ ಆಸ್ತಿ ಎಂದು ಬಂಡು ರಸೀದಿ ಬರೆದುಕೊಟ್ಟ.

ಖಾಜಾನಿಗೆ ಮರಳಿ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅವನು ಸೌದಿಗೆ ಹೋದಾಗ ಮಗಳು ಶಾಹಜಾದಿ ಒಂದು ವರ್ಷದ ಕೂಸು. ಬಂದಾಗ ಏಳು ವರ್ಷದವಳು. ಬಸ್ಸಿನಿಂದ ಇಳಿದವನನ್ನು ನೋಡಿ ಅವಳು, ಮನೆಗೆ ಬರುವ ಎಲ್ಲ ಗಂಡಸರಿಗೂ ಅನ್ನುವಂತೆ, “ಬರ್ರಿ ಮಾಮು,” ಅಂದಿದ್ದಳು. ತಿದ್ದಬೇಡ, ಅಬ್ಬಾ ಎಂದು ತಾನಾಗಿ ಅನ್ನಲಿ ಎಂದು ಅವನು ಜೈನಾಬಿಗೆ ಹೇಳಿದ. ಹೇಳಿದ್ದೇನೋ ಹೇಳಿದ, ಆ ಒಂದು ಮಾತಿಗಾಗಿ ಅವನು ಎಷ್ಟು ಹಸಿದಿದ್ದನೆಂದು ಸ್ಟೇಶನ್ ಬಜಾರಕ್ಕೆಲ್ಲ ಗೊತ್ತಿತ್ತು. ಇನ್ನು ಮೂರು ವರ್ಷ ಮರಳಿನಲ್ಲಿದ್ದು ಬಂದರೆ ಅವಳು ಮಾಮು ಅಂತಲೂ ಅನ್ನಲಿಕ್ಕಿಲ್ಲ ಎಂದು ನನ್ನೆದುರಿಗೇ ಕಣ್ಣು ಒರೆಸಿಕೊಂಡಿದ್ದ.

ಏಪ್ರಿಲ್‌ನಲ್ಲಿ ಪ್ರಹ್ಲಾದರಾಯರು ಬಾಳೆಹಣ್ಣು ಹಸಿಯೋ ಬೆಂದಿದೆಯೋ ಎಂದು ಮೂಲಸ್ಥಾನದಲ್ಲಿಯೇ ಪರಿಶೀಲಿಸಲು ಕಮಲಾಪುರಕ್ಕೆ ಮೂರು ದಿನದ ಪ್ರವಾಸ ಹಾಕಿಕೊಂಡರು. ನಲವತ್ತು ಕಿಲೋಮೀಟರೂ ಇಲ್ಲದ ಊರಿಗೆ ಮೂರು ದಿನ ಯಾಕೆಂದರೆ, ಪ್ರವಾಸ ಭತ್ಯೆ ಮೂರು ದಿನಕ್ಕೆ ಕಡಿಮೆ ಇದ್ದರೆ ಕೊಡಲು ಬರುವುದಿಲ್ಲ. ಖಾಜಾ ತೋಟಕ್ಕೆ ಕರೆದುಕೊಂಡು ಹೋದ. ಬಂಡು ಥರ್ಮಾಮೀಟರು ಹಿಡಿದ. ನೆರಳಿನಲ್ಲಿ ನಲವತ್ನಾಲ್ಕು ಡಿಗ್ರಿ. ಗೊನೆ ಮುಟ್ಟಿದ ಪರಿವೀಕ್ಷಕರು ಕೈ ಹಿಂದಕ್ಕೆ ತೆಗೆದುಕೊಂಡರು.

ವರದಿ ಹೀಗಿತ್ತು: “ಸದರಿ ಜಿಲ್ಲೆಯಲ್ಲಿ ಮಾರ್ಚಿನಿಂದ ಜೂನಿನವರೆಗೆ ಯಾವ ವಸ್ತುವನ್ನೂ ಹಸಿ ಎಂದು ಪರಿಗಣಿಸತಕ್ಕದ್ದಲ್ಲ. ಮೀನು, ಬಾಳೆಹಣ್ಣು ಮತ್ತು ಈ ವರದಿ ಬರೆಯುವ ಅಧಿಕಾರಿ ಎಲ್ಲರೂ ಸೂರ್ಯನಿಂದ ಸಾಕಷ್ಟು ಬೆಂದಿರುವುದು ಕಂಡುಬಂದಿದೆ.”

ಹಾಗಾದರೆ ಸೂರ್ಯನೇ ಅಡಿಗೆಯವನಾದ, ಅವನ ಆರೋಗ್ಯದ ಚೀಟಿ ಎಲ್ಲಿ ಎಂದು ಬಂಡು ಟಿಪ್ಪಣಿ ಹಾಕಿದ. ಸೂರ್ಯನನ್ನು ಸರ್ಕಾರಿ ನೌಕರನೆಂದು ಭಾವಿಸಿ ವಿನಾಯಿತಿ ಕೊಡಬಹುದೇ ಎಂದು ಮೇಲಿನ ಕಚೇರಿಯನ್ನು ಕೇಳಲಾಯಿತು. ಅವನು ದಿನಾಲೂ ಸಮಯಕ್ಕೆ ಸರಿಯಾಗಿ ಬರುವುದರಿಂದ ಹಾಗೆ ಭಾವಿಸಲು ಸಾಧ್ಯವಿಲ್ಲ, ಆದರೆ ಹಿರಿತನ ನೋಡಿ ವಿನಾಯಿತಿ ಕೊಡಬಹುದು ಎಂದು ಉತ್ತರ ಬಂತು. ಸುಶಿಗೆ ದಾರಿ ಸುಗಮವಾಯಿತು.

ಆದರೆ ಆ ಪ್ರವಾಸದಲ್ಲಿ ಹೊಸ ತೊಡಕೊಂದು ಹುಟ್ಟಿತು. ಜೈನಾಬಿಯ ಮನೆಯಲ್ಲಿ ಚಹಾ ಕುಡಿಯುತ್ತ ಪರಿವೀಕ್ಷಕರು ಹುಡುಗಿಯನ್ನು ಮಾತಾಡಿಸಿದರು. “ನಿಮ್ಮಪ್ಪ ಛಲೋ ಹೋಟೆಲ್ ಹಾಕ್ಯಾನಲ್ಲ?”

ಶಾಹಜಾದಿ ಗೋಡೆಯ ಕಡೆ ಬೆರಳು ಮಾಡಿದಳು. “ನಮ್ಮ ಅಬ್ಬಾ ಗ್ವಾಡಿ ಮ್ಯಾಲ ಅದಾರ್ರಿ. ಇವರು ಮಾಮು.”

ಗೋಡೆಯ ಮೇಲೆ ಸೌದಿಯಿಂದ ಕಳಿಸಿದ ಫೋಟೋ ಇತ್ತು. ಅಡಿಗೆಮನೆಯವರ ಸಾಲಿನಲ್ಲಿ ಖಾಜಾ ಕಂಪನಿಯ ಎತ್ತರದ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದ. ಆರು ವರ್ಷ ಅವಳು ದಿನಾ ರಾತ್ರಿ ಮಲಗುವ ಮುಂಚೆ ಅದಕ್ಕೇ ಖುದಾಹಾಫಿಜ್ ಹೇಳಿದವಳು. ಜೈನಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖಾಜಾ ನೆಲ ನೋಡಿದ. ಬಂಡು ಅರ್ಜಿ ತೆಗೆದು, ಹದಿನೇಳನೆಯ ಕಾಲಮಿನಲ್ಲಿ ‘ಮಗಳು ಒಬ್ಬಳು’ ಎಂದಿದ್ದ ಕಡೆ ಕೆಂಪು ಶಾಯಿಯಲ್ಲಿ, ‘ಅರ್ಜಿದಾರನು ತಂದೆಯೋ ಮಾಮನೋ, ಪರಿಶೀಲಿಸುವುದು’ ಎಂದು ಬರೆದ.

ಇತ್ತ ಗಿರಾಕಿ ಯಾರು, ಅಡಿಗೆಯವನು ಯಾರು ಎಂಬುದು ಹಾಗೇ ಉಳಿದಿತ್ತು. ಅದನ್ನು ಬಿಡಿಸಿದವರು ಪ್ರಹ್ಲಾದರಾಯರ ತಾಯಿ ಇಂದೂಬಾಯಿ. ಮಡಿಯ ಹೆಂಗಸು, ಇನ್ನೊಬ್ಬರ ಕೈಯ ಅಡಿಗೆ ಉಣ್ಣುವವರಲ್ಲ. ನಲವತ್ತು ವರ್ಷದಲ್ಲಿ ಮನೆಯ ಹೊರಗೆ ಒಂದು ತುತ್ತು ಉಂಡಿರಲಿಲ್ಲ. ಯಾರೂ ಯಾರಿಗೂ ಅಡಿಗೆ ಮಾಡದ ಹೋಟೆಲೊಂದು ಆಗಿದೆಯೆಂದು ಮಗನ ಬಾಯಿಂದಲೇ ಕೇಳಿ, ಒಂದು ಮುಂಜಾನೆ ಗಾಜಿಪುರದಿಂದ ಆಟೋ ಮಾಡಿಕೊಂಡು ಬಂದರು. ಜೊತೆಗೆ ತಮ್ಮದೇ ಶೇಗಡಿ, ಇದ್ದಿಲು, ತಂಬಿಗೆಯಲ್ಲಿ ನೀರು, ಹಿಟ್ಟು, ಎಳೆ ಬದನೆಕಾಯಿ.

“ನನ್ನ ಅಡಿಗಿ ಯಾರರ ಮುಟ್ತಾರೇನಪಾ?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

“ಇಲ್ರಿ ಆಯಿ. ಇಲ್ಲಿ ಯಾರದ್ದೂ ಯಾರೂ ಮುಟ್ಟೂದಿಲ್ರಿ,” ಎಂದ ಖಾಜಾ, ಎರಡು ಹೆಜ್ಜೆ ಹಿಂದೆ ಸರಿದು. ಪಕ್ಕದ ಖಾಲಿ ಕೋಣೆ ತೊಳೆಸಿಕೊಟ್ಟ.

ಇಂದೂಬಾಯಿ ಸ್ಟೇಶನ್ನಿಗೆ ಬಂದುಹೋಗುವವರನ್ನು ಕಿಟಕಿಯಿಂದ ನೋಡುತ್ತ ಜೋಳದ ಭಕ್ಕರಿ ಬಡಿದು, ಬದನೆಕಾಯಿ ಸುಟ್ಟು, ಉಂಡು, ತಾಟು ತೊಳೆದುಕೊಂಡು ಮನೆಗೆ ಹೋದರು. ಹೋಟೆಲಿನದೆಂದು ಅವರು ಬಳಸಿದ್ದು ಕಿಟಕಿ ಒಂದನ್ನೇ. ಸಂಜೆ ಮಗನಿಗೆ, “ಎಷ್ಟು ವರ್ಷದ ಮ್ಯಾಲ ಹೊರಗ ಊಟ ಮಾಡಿದೆ ನೋಡು. ಭಾಳ ಛಲೋ ಮಾಡ್ತಾರಪಾ ಅಲ್ಲೆ,” ಎಂದು ಹೇಳಿದರು.

ಪ್ರಹ್ಲಾದರಾಯರಿಗೆ ಸಿಟ್ಟು ಬಂತು. “ಆಯಿ, ನೀ ಅಲ್ಲೆ ಗಿರಾಕಿನೋ, ಅಡಿಗಿಯಾಕಿನೋ? ಅದನ್ನ ಹೇಳು ಮೊದಲ.”

“ಈ ಮನಿಯೊಳಗ ನಲವತ್ತು ವರ್ಷ ನಾನೇ ಮಾಡಿ ನಾನೇ ಉಂಡೀನಿ. ಅವಾಗ ಯಾರೂ ಕೇಳಲಿಲ್ಲ ನನ್ನ. ಮಾಡೂವಾಗ ಸೆರಗು ಸಿಗಿಸ್ಕೊಂಡೀನಿ, ಉಣ್ಣೂವಾಗ ಬಿಟ್ಟೀನಿ. ಅಷ್ಟ ಫರಕು.”

ಪ್ರಹ್ಲಾದರಾಯರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಸ್ಪಷ್ಟೀಕರಣ ಆದೇಶ ಹೊರಬಿತ್ತು. ಸಿಯೋಲ್ ದರ್ಬಾರಿನಲ್ಲಿ ಬಿಳಿ ಟೋಪಿ ಹಾಕಿಕೊಂಡವನು ಅಡಿಗೆಯವನು, ತೆಗೆದವನು ಗಿರಾಕಿ. ಟೋಪಿ ಹಾಕಿ ತಿನ್ನತಕ್ಕದ್ದಲ್ಲ, ಟೋಪಿ ಇಲ್ಲದೆ ಸುಡತಕ್ಕದ್ದಲ್ಲ. ಆರೋಗ್ಯದ ಚೀಟಿ ತೋರಿಸಿದವರಿಗೆ ಅಡಿಗೆಯವನ ಕಾರ್ಡು ಕೊಡಲಾಗುವುದು. ಟೋಪಿ ಹೊಲಿಯುವ ಅಧಿಕೃತ ಗುತ್ತಿಗೆ ಬಂಡುವಿನ ಭಾವಮೈದುನನಿಗೆ ಸಿಕ್ಕಿತು. ಊರಲ್ಲಿ ಹೊಲಿಗೆ ಬರುವ ಬೇರೆ ಯಾರೂ ಆ ದಿನ ಬಂಡುವಿನ ಮನೆಯಲ್ಲಿ ಇರಲಿಲ್ಲ.

ಕಾರ್ಡಿಗೆ ಗಾಜಿಪುರದವರೆಗೆ ಸಾಲು ಹತ್ತಿತು. ಮೊದಲನೆಯ ನಂಬರು ಇಂದೂಬಾಯಿಯವರದು. ನನ್ನದು ನಲವತ್ತೊಂದು. ವಕೀಲರು, ಮಾಸ್ತರರು, ಬ್ಯಾಂಕಿನವರು ಉಗುರು ಕತ್ತರಿಸಿಕೊಂಡು ಬಂದರು. ಒಳಗೆ ಟೋಪಿ ಹಾಕುವುದು, ಒಂದು ಮಗ್ಗುಲು ಸುಡುವುದು, ತೆಗೆಯುವುದು, ಒಂದು ತುತ್ತು ತಿನ್ನುವುದು, ಮತ್ತೆ ಹಾಕುವುದು. ಒಂದು ವಾರದಲ್ಲಿ ಎಲ್ಲರಿಗೂ ಕೈ ಕೂತಿತು. ಗಾಜಿಪುರದಲ್ಲಿ ಹೆಣ್ಣು ನೋಡಲು ಹೋದವರು, ಹುಡುಗನಿಗೆ ಕಾರ್ಡು ಇದೆ ಎಂದು ಮೊದಲೇ ಹೇಳತೊಡಗಿದರು.

ಮೇ ಹದಿನಾಲ್ಕರಂದು ಕೊನೆಯ ತಪಾಸಣೆ. ಎಲ್ಲ ಸರಿಯಾಗಿತ್ತು, ಎರಡು ಬಿಟ್ಟು. ಗಿರಾಕಿಗಳೆಲ್ಲ ಬಂದುಹೋಗುವ ಅಡಿಗೆಯವರಾದ್ದರಿಂದ ಹೋಟೆಲಿಗೆ ಒಬ್ಬ ಕಾಯಂ ಅಡಿಗೆಯವನು ಬೇಕಾಗಿತ್ತು. ಮಾಲೀಕ ಸುಶಿ ಸುತ್ತುತ್ತಾನೆ ನಿಜ, ಆದರೆ ಉಣ್ಣುವಾಗ ಟೋಪಿ ತೆಗೆಯುತ್ತಾನಾದ್ದರಿಂದ ಅವನೂ ಕಾಯಂ ಅಲ್ಲ. ಎರಡನೆಯದು ಹದಿನೇಳನೆಯ ಕಾಲಮು. “ನಾಳಿಗೆ ಆಗಲಿಲ್ಲಂದ್ರ ನಿನ್ನ ಕಾಗದ ವಾಪಸ್ ತೊಗೊಂಡು ಸೌದಿಗೆ ಹೋಗಪಾ,” ಎಂದು ಪ್ರಹ್ಲಾದರಾಯರು ಮೆತ್ತಗೆ ಹೇಳಿದರು. ಹಾಗೆ ಹೇಳುವಾಗ ಅವರಿಗೂ ಬೇಸರವಾಗಿತ್ತು. ಒಂದೊಂದು ತಿನಿಸಿಗೆ ಮೂವತ್ತು ದಿನದ ಲೆಕ್ಕದಲ್ಲಿ ನಮೂನೆ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಕಮಲಾಪುರದ ಬಸ್ಸಿನಿಂದ ಇಳಿದ ಜೈನಾಬಿ ಬಾಳೆಹಣ್ಣಿನ ಬುಟ್ಟಿ ಹೊತ್ತು, ಮಗಳ ಕೈ ಹಿಡಿದು ಒಳಗೆ ಬಂದಳು. ಶಾಹಜಾದಿ ಹೋಟೆಲಿಗೆ ಬಂದದ್ದು ಅದೇ ಮೊದಲು. ಖಾಜಾ ಸುಶಿಯ ಮೇಜಿನ ಹಿಂದೆ ನಿಂತಿದ್ದ. ಆದೇಶ ಬಂದ ದಿನ ಟ್ರಂಕಿನಿಂದ ತೆಗೆದ ಕಂಪನಿಯ ಹಳೆಯ ಬಿಳಿ ಟೋಪಿ ಅವನ ತಲೆಯ ಮೇಲಿತ್ತು.

ಹುಡುಗಿ ಬಾಗಿಲಲ್ಲೇ ನಿಂತಳು. ನೋಡಿದಳು.

“ಅಬ್ಬಾ!” ಎಂದು ಚೀರಿ, ಎರಡು ಮೇಜಿನ ನಡುವೆ ನುಸುಳಿ ಓಡಿಬಂದು ಅವನ ಸೊಂಟ ತಬ್ಬಿಕೊಂಡಳು. “ಗ್ವಾಡಿಯಿಂದ ಯಾವಾಗ ಇಳಿದ್ರಿ?”

ಖಾಜಾನ ಕೈಯಲ್ಲಿದ್ದ ಅನ್ನ ಹಾಗೇ ಕೆಳಗೆ ಬಿತ್ತು. ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ಶಾಹಜಾದಿ ಕೈ ಸಡಿಲಿಸಿ ಹಿಂದೆ ಸರಿದಳು. “ಮಾಮು, ಟೋಪಿ ಹಾಕೋರಿ,” ಅಂದಳು. ಅವನು ಗಡಬಡಿಸಿ ಹಾಕಿಕೊಂಡ. ಅವಳು ಮತ್ತೆ ತಬ್ಬಿಕೊಂಡಳು. ನಾನು ಆಗ ಸುಡುತ್ತಿದ್ದೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಬಂಡು ಪೆನ್ನು ತೆಗೆದ. ಪ್ರಹ್ಲಾದರಾಯರು ಕೇಳಿದರು, “ಮಗೂ, ಸರಿಯಾಗಿ ವಿಚಾರ ಮಾಡಿ ಹೇಳು. ಇವರು ನಿನಗ ಏನಾಗಬೇಕು?”

“ಟೋಪಿ ಹಾಕ್ಕೊಂಡ್ರ ಅಬ್ಬಾ. ತೆಗೆದ್ರ ಮಾಮು.”

ಹೇಳಿಕೆಯು ಸ್ಪಷ್ಟೀಕರಣ ಆದೇಶಕ್ಕೆ ಅನುಗುಣವಾಗಿದೆ ಎಂದು ಪರಿವೀಕ್ಷಕರು ಅಲ್ಲಿಯೇ ತೀರ್ಮಾನ ಕೊಟ್ಟರು. ಅರ್ಜಿದಾರನು ಟೋಪಿಸಹಿತ ತಂದೆ. ತಂದೆತನ ಮುಂದುವರಿಯಬೇಕಾದರೆ ಅವನು ಯಾವ ಕಾಲಕ್ಕೂ ಟೋಪಿ ತೆಗೆಯತಕ್ಕದ್ದಲ್ಲ. ಟೋಪಿ ತೆಗೆಯದವನು ಅಡಿಗೆಯವನಾದ್ದರಿಂದ ಹೋಟೆಲಿಗೆ ಕಾಯಂ ಅಡಿಗೆಯವನೂ ಸಿಕ್ಕಂತಾಯಿತು. ಪರವಾನಗಿ ಮಂಜೂರಾಯಿತು. ಒಂಬತ್ತು ಮೇಜಿನ ಜನರೂ ಟೋಪಿ ತೆಗೆದು ಚಪ್ಪಾಳೆ ತಟ್ಟಿ, ಮತ್ತೆ ಹಾಕಿಕೊಂಡು ಸುಡತೊಡಗಿದರು.

ಅಂದಿನಿಂದ ಖಾಜಾ ಟೋಪಿ ತೆಗೆದಿಲ್ಲ. ಸಂತೆಗೆ, ಮದುವೆಗೆ, ಕಮಲಾಪುರದ ಬಸ್ಸಿಗೆ ಎಲ್ಲದಕ್ಕೂ ಅದೇ ಟೋಪಿ. ಹೋಟೆಲಿನಲ್ಲಿ ಟೋಪಿ ಹಾಕಿ ತಿನ್ನುವಂತಿಲ್ಲವಾದ್ದರಿಂದ ಊಟಕ್ಕೆ ಹೊರಗೆ ಹೋಗುತ್ತಾನೆ. ಯಾರೂ ಯಾಕೆ ಎಂದು ಕೇಳುವುದಿಲ್ಲ. ಕ್ಷೌರದವನು ಮಾತ್ರ ಅಂಚಿನಿಂದ ಎಷ್ಟು ಕಾಣುತ್ತದೋ ಅಷ್ಟು ಕತ್ತರಿಸುತ್ತಾನೆ. ಶಾಹಜಾದಿ ದೊಡ್ಡವಳಾಗಿದ್ದಾಳೆ, ಎಲ್ಲ ತಿಳಿಯುತ್ತದೆ. ಆದರೂ ಪರವಾನಗಿ ನವೀಕರಣಕ್ಕೆ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ತಂದೆಯ ಟೋಪಿ ನೋಡಿ, ಅಬ್ಬಾ ಎಂದು ಹೇಳಿ ಸಹಿ ಮಾಡಿ ಬರುತ್ತಾಳೆ.

ಸೌದಿಯ ಪತ್ರ ಕಡತದಲ್ಲಿದೆ. ಬೇಕಾದರೆ ಅರ್ಜಿ ಕೊಟ್ಟು ಅದರ ನಕಲು ಪಡೆಯಬಹುದು. ಖಾಜಾ ಇದುವರೆಗೆ ಅರ್ಜಿ ಕೊಟ್ಟಿಲ್ಲ.