ಸಿಡಿಲಣ್ಣನ ಹೊದಿಕೆ ಒಗೆದವರು ಯಾರು?

"ಈ ಸಲ ಸಿಡಿಲಣ್ಣನ ಕೈಯಲ್ಲಿ ಬಟ್ಟೆ ಒಗೆಸಿಯೇ ತೀರುತ್ತೇನೆ!"

ಕಾಫಿ ಲೋಟ ಕುಕ್ಕಿ ನಾನು ಹೀಗೆ ಗರ್ಜಿಸಿದಾಗ ನಮ್ಮವರು ಪೇಪರಿನ ಹಿಂದಿನಿಂದ ಇಣುಕಿದರು. "ಸದ್ಯ, ನನ್ನ ಕೈಯಲ್ಲಲ್ಲವಲ್ಲ!"

ಸಿಡಿಲಣ್ಣ ನಾನು ವರ್ಷಗಳಿಂದ ಬರೆದು ಚಿತ್ರಿಸುತ್ತಿರುವ ಕಾಮಿಕ್ಸ್‌ನ ಮಹಾಶೂರ. ನೂರತೊಂಬತ್ತೊಂಬತ್ತು ಸಂಚಿಕೆಗಳಲ್ಲಿ ಬೆಟ್ಟ ಎತ್ತಿದ್ದಾನೆ, ರೈಲು ತಡೆದಿದ್ದಾನೆ, ಕೆಸರಿನ ರಾಕ್ಷಸನೊಡನೆ ಉರುಳಾಡಿದ್ದಾನೆ. ಆದರೆ ಹೆಗಲಿನಿಂದ ಹಾರುವ ಆ ಕೆಂಪು ಹೊದಿಕೆ ಪ್ರತಿ ಸಂಚಿಕೆಯಲ್ಲೂ ಫಳಫಳ! ಒಗೆಯುವವರು ಯಾರು? ಅವನ ತಾಯಿಯೇ ಇರಬೇಕು. ಪಾಪ, ಆಕೆಗೆ ನಾನು ಇದುವರೆಗೆ ಒಂದು ಮುಖವನ್ನೂ ಬಿಡಿಸಿಕೊಟ್ಟಿಲ್ಲ.

ಸಂಪಾದಕಿಗೆ ಫೋನು ಮಾಡಿದೆ.

"ಒಗೆಯೋದಾ? ಇನ್ನೂರನೇ ಸಂಚಿಕೆ ಕಣ್ರೀ! ಜನಕ್ಕೆ ಯುದ್ಧ ಬೇಕು. ಸಂಜೆಯೊಳಗೆ ಪುಟಗಳು ಬರದಿದ್ರೆ ಸಿಡಿಲಣ್ಣನ್ನ ಬೇರೆಯವರಿಗೆ ಕೊಟ್ಟುಬಿಡ್ತೀನಿ."

"ಯುದ್ಧವೂ ಇದೆ ಮೇಡಂ. ಕೊನೇ ಪುಟದಲ್ಲಿ ಮಾತ್ರ ಒಗೀತಾನೆ. ಒಗೆದೇ ಒಗೀತಾನೆ!"

ಯುದ್ಧದ ಪುಟಗಳು ಸಿದ್ಧವಾಗಿದ್ದವು. ಇಂಕು ಒಣಗಲೆಂದು ನಡುಮನೆಯ ನೆಲದ ಮೇಲೆ, ಫ್ಯಾನಿನ ಕೆಳಗೆ ಹರಡಿದ್ದೆ. ಒಗೆಯುವ ಪುಟಕ್ಕೆ ಪೆನ್ಸಿಲ್ ಎತ್ತಿದೆನೋ ಇಲ್ಲವೋ, ಕೈ ನಿಂತುಬಿಟ್ಟಿತು. ಬಟ್ಟೆ ಒಗೆಯುವಾಗ ಗಂಡಸಿನ ಬೆನ್ನು ಹೇಗೆ ಬಾಗುತ್ತದೆ? ಹಾರುವ ಗಂಡಸನ್ನು ಊಹಿಸಿಕೊಂಡೇ ಬಿಡಿಸಿದವಳು ನಾನು. ಒಗೆಯುವ ಗಂಡಸು ಊಹೆಗೂ ನಿಲುಕಲಿಲ್ಲ!

ರಜೆಯಲ್ಲಿದ್ದ ನಮ್ಮವರ ಕೊರಳಿಗೆ ಕೆಂಪು ಬೆಡ್‌ಶೀಟ್ ಬಿಗಿದು, ಎರಡು ಗಂಟು ಹಾಕಿ ಬಚ್ಚಲಿಗೆ ಅಟ್ಟಿದೆ. ಹೊದ್ದುಕೊಂಡಿರುವುದನ್ನೇ ಒಗೆಯುವುದು ಹೇಗೆಂಬ ಪ್ರಶ್ನೆ, ಕಲೆಯ ಆವೇಶದಲ್ಲಿದ್ದ ನನಗೆ ಹೊಳೆಯಲಿಲ್ಲ.

"ಸೋಪಿನ ಪುಡಿ ಎಷ್ಟು ಹಾಕ್ಲೇ?"

"ಪೊಟ್ಟಣದ ಮೇಲೆ ಬರೆದಿದೆ, ಓದಿ."

"ಪೊಟ್ಟಣ ಎಲ್ಲಿದೆ?"

"ನಿಮ್ಮ ಕೈಯಲ್ಲೇ ಇದೆ!"

ದಬಕ್ಕನೆ ಅರ್ಧ ಪೊಟ್ಟಣ ಸುರಿದರು. "ಅಯ್ಯೋ, ಅಷ್ಟು ಯಾಕ್ರೀ?" ಎಂದೆ. "ಸಿಡಿಲಣ್ಣ ಅಂದ್ಮೇಲೆ ಚಮಚದಲ್ಲಿ ಅಳೀತಾನಾ?" ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿಯೇಬಿಟ್ಟರು.

ನೊರೆ ಬಕೆಟ್ ದಾಟಿತು. ಮೊಣಕಾಲು ಮುಟ್ಟಿತು. ಬೆಡ್‌ಶೀಟಿನ ತುದಿ ಬಕೆಟ್ಟಿನಲ್ಲಿ, ಬುಡ ಕೊರಳಲ್ಲಿ! ಬಲವಾಗಿ ಜಗ್ಗಿದರು. ಬಕೆಟ್ ಮಗುಚಿತು, ಅವರೂ ಮಗುಚಿದರು.

"ಹಿಡ್ಕೊಳ್ಳೇ!"

"ಅಲ್ಲಾಡಬೇಡಿ! ಆ ಕಾಲು ಹಾಗೇ ಇರಲಿ!" ನಾನು ಬಾಗಿಲಲ್ಲಿ ನಿಂತು ಗೀಚುತ್ತಲೇ ಇದ್ದೆ. ಅಂಥ ಭಂಗಿ ಮತ್ತೆ ಸಿಗುತ್ತದೆಯೇ? ನನ್ನ ಪಾದದ ಮೇಲಿಂದ ನೊರೆಯ ಸೈನ್ಯ ನಡುಮನೆಯ ಕಡೆ ದಂಡೆತ್ತಿ ಹೋದದ್ದು ಗೊತ್ತಾಗಲೇ ಇಲ್ಲ.

ತಿರುಗಿ ನೋಡುತ್ತೇನೆ, ಯುದ್ಧಭೂಮಿ ತೇಲುತ್ತಿದೆ! ರಾಕ್ಷಸನೂ ಸಿಡಿಲಣ್ಣನೂ ಕರಗಿ ಒಂದೇ ನೀಲಿ ಗಂಜಿಯಾಗಿದ್ದರು.

ಅತ್ತರೆ ಸಿಡಿಲಣ್ಣ ಕೈತಪ್ಪುತ್ತಾನೆ. ನಾನು ಅಳಲಿಲ್ಲ. ಊಟದ ಮೇಜಿಗೆ ಕೂತು, ಬಚ್ಚಲಲ್ಲಿ ಗೀಚಿದ್ದನ್ನೇ ಮುಂದಿಟ್ಟುಕೊಂಡು ಹೊಸ ಯುದ್ಧ ಹೂಡಿದೆ. ಶತ್ರು, ನೊರೆ! ಪುಟಪುಟಕ್ಕೂ ಸಿಡಿಲಣ್ಣ ಜಾರಿದ, ಬಿದ್ದ, ಎದ್ದ, ಹಿಂಡಿದ. ಕೊನೆಯ ಚಿತ್ರದಲ್ಲಿ ಹಗ್ಗದ ಮೇಲೆ ಹೊದಿಕೆ, ಕನ್ನಡಿಯಂಥ ನೆಲ, ಸೊಂಟದ ಮೇಲೆ ಕೈಯಿಟ್ಟ ವೀರ. ಫೋಟೋ ತೆಗೆದು ಸಂಪಾದಕಿಗೆ ಕಳಿಸಿದಾಗ ಹೊರಗಿನ್ನೂ ಬೆಳಕಿತ್ತು.

ಸ್ವಲ್ಪ ಹೊತ್ತಿಗೇ ಫೋನು ಬಂತು. ಆ ಕಡೆ ಬಿದ್ದು ಬಿದ್ದು ನಗು.

"ನಾನು ಸೋತೆ ಕಣ್ರೀ! ಸಿಡಿಲಣ್ಣ ನಿಮ್ಮ ಹತ್ರಾನೇ ಇರಲಿ."

ನಾನು ಉಬ್ಬಿ ಪೂರಿಯಾದೆ. "ಹೇಳಿರಲಿಲ್ವಾ ಮೇಡಂ? ಮನೆಗೆಲಸ ಮಾಡೋ ಕೈಗಳನ್ನ ಇನ್ಮೇಲೆ ಯಾರೂ ಮುಚ್ಚಿಡೋ ಹಾಗಿಲ್ಲ!"

"ಅದೇ ಕೇಳೋಣ ಅಂತಿದ್ದೆ. ಒಂದು ಚಿತ್ರದಲ್ಲಿ ಮನೆಯೆಲ್ಲಾ ನೊರೆ. ಮುಂದಿನದ್ರಲ್ಲಿ ನೆಲ ಲಕಲಕ. ಮಧ್ಯೆ ಒರೆಸಿದ್ದು ಯಾರು?"

ನನ್ನ ಕೈಗಳನ್ನೇ ನೋಡಿಕೊಂಡೆ. ಫೋನು ನನ್ನ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಏಕೆಂದರೆ ಎರಡೂ ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದೆ! ನಮ್ಮವರು ಬಿಚ್ಚಲಾಗದ ಗಂಟಿನ ಬೆಡ್‌ಶೀಟ್ ಹೊದ್ದೇ ಸೋಫಾದಲ್ಲಿ ವಿರಾಜಮಾನರಾಗಿ, ನನಗೆ ಅನುಕೂಲವಾಗಲೆಂದು ಕಾಲು ಮೇಲೆತ್ತಿ ಹಿಡಿದಿದ್ದರು.

"ಏನಂತೆ?" ಎಂದರು.

"ಒಂದು ಚಿತ್ರ ಬಾಕಿ ಇದೆಯಂತೆ," ಎಂದು ಒದ್ದೆ ಬಟ್ಟೆಯನ್ನು ಅವರ ತೊಡೆಯ ಮೇಲಿಟ್ಟೆ. "ಇಳೀರಿ ಕೆಳಗೆ."

ಗೊಣಗುತ್ತ ಇಳಿದರು. ನಾನು ಸೋಫಾ ಹತ್ತಿ, ಕಾಲು ಮೇಲೆತ್ತಿಕೊಂಡು ಪೆನ್ಸಿಲ್ ಹಿಡಿದೆ. ನೆಲ ಒರೆಸುವ ಬೆನ್ನು ಮೇಲಿನಿಂದ ಹೇಗೆ ಕಾಣುತ್ತದೆಂದು ನಾನು ನೋಡಿದ್ದು ಅದೇ ಮೊದಲು.