ತೊಟ್ಟಿಯೊಳಗಿನ ಕತ್ತಿ ಗಿಡ

ಸದಾ ದುಡಿಯುವವರನ್ನು ಕಂಡರೆ ನನಗೆ ಗೌರವವಿದೆ. ಸುಮ್ಮನೆ ಕೂತು ನೀರು ನೋಡುವ ಸುಖ ಅವರಿಗೇನು ಗೊತ್ತು ಎಂಬ ಕನಿಕರವೂ ಇದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು, ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿ, ನಾಲ್ಕು ಮೀನು, ಒಂದು ಕತ್ತಿ ಗಿಡ ತಂದೆ. ನೀರಿನೊಳಗೇ ಬೆಳೆಯುವ ಗಿಡ. ಎಲೆ ಕತ್ತಿಯಂತೆ ಉದ್ದ. "ಮೊಳದುದ್ದ ಬೆಳೀತದೆ ಸಾರ್" ಎಂದಿದ್ದ ಅಂಗಡಿಯವನು. ಸಂಜೆ ಅದರ ಮುಂದೆ ಕೂತರೆ, ಕಿಟಕಿಯ ಇಳಿಬಿಸಿಲು ನೀರಿಗೆ ಬಿದ್ದು, ನಾನೇ ಯಾವುದೋ ಹಸಿರು ಕಾಡಿನ ತಳದಲ್ಲಿ ಮೆಲ್ಲಗೆ ಈಜುತ್ತಿರುವಂತೆ ಅನಿಸುತ್ತಿತ್ತು. ಹೆಂಡತಿ ಸಾವಿತ್ರಿ ಎರಡು ಸಲ ಕೂಗಿದ ಮೇಲೆ ಕಾಫಿಗೆಂದು ದಡ ಸೇರುತ್ತಿದ್ದೆ.

ಗಿಡ ಮಾತ್ರ ಬೆರಳುದ್ದಕ್ಕೇ ನಿಂತು, ಹಳದಿಯಾಗಿ ಸತ್ತಿತು. ಎರಡನೆಯದೂ ಸತ್ತಿತು. ಮೂರನೆಯದನ್ನು ತಂದಾಗ ಸಾವಿತ್ರಿ, "ಇದೂ ಹೋದ್ರೆ ತೊಟ್ಟೀನ ಯಾರಿಗಾದ್ರೂ ಕೊಟ್ಬಿಡಿ. ಮನೇಲಿ ಸಾವು ನೋಡಿ ಸಾಕಾಯ್ತು" ಎಂದಳು. ಹೆದರಿ, ತೊಟ್ಟಿಯ ತಳದ ಮರಳನ್ನು ಏಳು ನೀರಿನಲ್ಲಿ ತೊಳೆದು ನೆಟ್ಟೆ. ಅದೂ ಹಳದಿಗೆ ತಿರುಗಿತು.

ಆಗ ವಕ್ಕಲೇರಿಯಿಂದ ಅತ್ತೆಯವರು ಬಂದರು. ರಾಗಿ ಹೊಲ, ಎಮ್ಮೆ ನೋಡಿಕೊಂಡಿದ್ದವರು. ಅಳಿಯನೊಡನೆ ನೇರವಾಗಿ ಮಾತಾಡುವ ರೂಢಿ ಇಲ್ಲದವರು.

"ಲೇ ಸಾವಿತ್ರಿ, ಆ ಗಿಡಕ್ಕೆ ಹೊಟ್ಟೆಗೇನು ಹಾಕ್ತಾರಂತೆ ಕೇಳೇ" ಎಂದರು.

"ಏನೂ ಇಲ್ಲ, ಬರೀ ತೊಳೆದ ಮರಳು" ಎಂದು ನಾನೂ ಸಾವಿತ್ರಿಗೇ ಹೇಳಿದೆ.

"ಅಕ್ಕಿ ತೊಳೆದಂಗೆ ತೊಳೆದ್ರೆ ಅದ್ರಲ್ಲಿ ಏನು ಉಳೀತದೆ? ಉಪವಾಸ ಕೆಡವವ್ರೆ, ಪಾಪ."

ಮರುದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಅವರು ಕೆರೆಯ ಜೇಡಿಮಣ್ಣು ತರಿಸಿ, ಸಣ್ಣ ಸಣ್ಣ ಮುದ್ದೆ ಕಟ್ಟಿದ್ದರು. ಮೊಣಕೈವರೆಗೂ ಕೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಒಂದೊಂದನ್ನೇ ಬೇರಿನ ಕೆಳಗೆ ಒತ್ತುತ್ತ, ಬಡಕಲು ಕರುವಿಗೆ ಹೇಳುವ ಹಾಗೆ ತೆಲುಗಿನಲ್ಲಿ "ತಿನು ತಲ್ಲಿ, ತಿನು" ಎನ್ನುತ್ತಿದ್ದರು. ನೀರೆಲ್ಲ ರಾಡಿ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮೂರನೆಯ ದಿನ ನೀರು ತಿಳಿಯಾಯಿತು. ವಾರ ಕಳೆದಾಗ ಎಳೆಯ ಎಲೆಯೊಂದು ಸುರುಳಿ ಬಿಚ್ಚಿತು. ಆಮೇಲೆ ಆ ಗಿಡ ಬೆಳೆಯುವುದನ್ನು ನಿಲ್ಲಿಸಲೇ ಇಲ್ಲ. ಅತ್ತೆಯವರು ಮುಂದಿನ ಸಲ ಬರುವ ಹೊತ್ತಿಗೆ ಎಲೆಗಳು ನೀರಿನಿಂದ ಮೇಲೆ ತಲೆಯೆತ್ತಿದ್ದವು. ಮೀನುಗಳು ಎಲೆಗಳ ನಡುವೆ ಎಲ್ಲೋ ಕನಸಿನ ಹಾಗೆ ಮಿಂಚಿ ಮರೆಯಾಗುತ್ತಿದ್ದವು.

ಆ ಸಲವೇ ಒಂದು ಭಾನುವಾರ ನಮ್ಮ ಮ್ಯಾನೇಜರು ಬಂದು ಬೆರಗಾಗಿ, "ಹೆಂಗ್ರೀ ಬೆಳೆಸಿದ್ರಿ?" ಎಂದರು. ಬೇರಿನ ಹಸಿವು, ಜೇಡಿಮಣ್ಣಿನ ಗುಣ, ಬೆಳಕಿನ ಮಹತ್ವ ಎಂದು ನಾನು ಅರ್ಧ ಗಂಟೆ ಮಾತಾಡಿದೆ. ತಲೆಯೆತ್ತಿದರೆ, ಅತ್ತೆಯವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ನಮ್ಮಳಿಯಂದ್ರಿಗೆ ಬಾಳ ತಾಳ್ಮೆ ಸ್ವಾಮಿ" ಎಂದರು ಅವರು, ಲೋಟ ಕೊಡುತ್ತ. "ದಿನಾ ಅದ್ರ ಮುಂದೇನೇ ಕೂತಿರ್ತಾರೆ."

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಆ ಕ್ಷಣದಲ್ಲಾದರೂ ನಿಜ ಹೇಳಬಹುದಿತ್ತು. ನಾನು ವಿನಯದಿಂದ ನಕ್ಕೆ. ಅಂದಿನಿಂದ ಕಚೇರಿಯಲ್ಲಿ ಯಾರ ಮನೆಯ ಗುಲಾಬಿ ಬಾಡಿದರೂ ನನ್ನ ಮೇಜಿಗೆ ಬರತೊಡಗಿದರು. ನಾನು ಕಣ್ಣು ಮುಚ್ಚಿ, "ಯೋಚನೆ ಮಾಡಿ ಸೋಮವಾರ ಹೇಳ್ತೀನಿ" ಎನ್ನುತ್ತಿದ್ದೆ. ಭಾನುವಾರ ವಕ್ಕಲೇರಿಯ ಬಸ್ಸು ಹತ್ತುತ್ತಿದ್ದೆ.