ಹಂಗಳದ ಹಳ್ಳಕ್ಕೆ ಸಮುದ್ರ ಮಂಜೂರಾದದ್ದು

ನನಗೆ ಬರೆದು ಅಭ್ಯಾಸವಿಲ್ಲ. ಮೊದಲು ಹೇಳಬೇಕಾದದ್ದು ಆಮೇಲೆ ಬಂದರೆ, ಒಂದೇ ಮಾತು ಎರಡು ಸಲ ಬಂದರೆ ಓದುವವರು ಕ್ಷಮಿಸಬೇಕು. ಖಚಿತವಾಗಿ ಗೊತ್ತಿರುವುದನ್ನು ಮೊದಲೇ ಹೇಳಿಬಿಡುತ್ತೇನೆ: ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸಮುದ್ರವಿಲ್ಲ. ಹಿಂದೆಯೂ ಇರಲಿಲ್ಲ, ಇದ್ದಿದ್ದರೆ ಹಿರಿಯರು ಯಾರಾದರೂ ಹೇಳುತ್ತಿದ್ದರು. ಕಡಲತೀರ ಮಾತ್ರ ಇದೆ. ಅದು ಹಂಗಳದಾಚೆ ನಂಜುಂಡಪ್ಪನ ಅರಿಶಿನದ ಹೊಲದ ಅಂಚಿನಲ್ಲಿ, ನಲವತ್ತು ಮೀಟರ್ ಉದ್ದಕ್ಕೆ, ದಾಖಲೆಸಮೇತ ಇದೆ.

ಆ ಹೊಲದ ಪಕ್ಕದಲ್ಲಿ ಒಂದು ಹಳ್ಳ ಹರಿಯುತ್ತದೆ. ಹರಿಯುತ್ತದೆ ಎಂದರೆ ಮಳೆ ಬಂದಾಗ. ಉಳಿದ ದಿನ ಅದರಲ್ಲಿ ಮೇಕೆಗಳು ಓಡಾಡುತ್ತವೆ. ಹಳ್ಳದ ದಡದಲ್ಲೇ ನಂಜುಂಡಪ್ಪನ ಪಂಪ್‌ಸೆಟ್ ಮನೆ, ಅದರ ಗೋಡೆಗೆ ಒತ್ತಿಕೊಂಡು ಬೋರ್‌ವೆಲ್. ಇವೆರಡು ಹೋದರೆ ಮೂರು ಎಕರೆ ಅರಿಶಿನಕ್ಕೆ ನೀರಿಲ್ಲ. ಹಳ್ಳ ಪ್ರತಿ ಮಳೆಗಾಲವೂ ದಡವನ್ನು ತಿನ್ನುತ್ತ ಹತ್ತಿರ ಬರುತ್ತಿತ್ತು. ಮಳೆ ನಿಂತ ಬೆಳಿಗ್ಗೆ ನಂಜುಂಡಪ್ಪ ಪಂಪ್‌ಸೆಟ್ ಮನೆಯ ಬಾಗಿಲಿನಿಂದ ದಡದವರೆಗೆ ಹೆಜ್ಜೆ ಹಾಕಿ ಎಣಿಸುತ್ತಿದ್ದ. ಆರು ವರ್ಷದ ಹಿಂದೆ ಇಪ್ಪತ್ತೆರಡು ಹೆಜ್ಜೆ ಇದ್ದದ್ದು ಒಂಬತ್ತಕ್ಕೆ ಬಂದಿತ್ತು. ಅವನ ಹೆಂಡತಿ ಪುಟ್ಟಸಿದ್ದಮ್ಮನ ಹೆಜ್ಜೆ ಚಿಕ್ಕದು, ಅವಳು ಎಣಿಸಿದರೆ ಹದಿಮೂರು. ಮನಸ್ಸಿಗೆ ಧೈರ್ಯ ಬೇಕಾದ ದಿನ ಅವನು ಅವಳ ಕೈಲಿ ಎಣಿಸುತ್ತಿದ್ದ.

ಅವನು ಕೇಳಿದ್ದು ಒಂದು ಕಲ್ಲಿನ ತಡೆಗೋಡೆ. ಆರು ವರ್ಷ, ಆರು ಅರ್ಜಿ. ಆರಕ್ಕೂ ಒಂದೇ ಉತ್ತರ: “ಹಳ್ಳದ ದಡಕ್ಕೆ ಸಂಬಂಧಿಸಿದಂತೆ ಪ್ರಸಕ್ತ ಸಾಲಿನಲ್ಲಿ ಯಾವುದೇ ಯೋಜನೆ ಇರುವುದಿಲ್ಲ. ತಮ್ಮ ಸಹಕಾರಕ್ಕೆ ವಂದನೆಗಳು.”

ಏಳನೆಯ ಅರ್ಜಿ ಹಿಡಿದು ಗುಂಡ್ಲುಪೇಟೆಯ ಕಚೇರಿಗೆ ಹೋದಾಗ ವಿಷಯ ನಿರ್ವಾಹಕ ರಂಗರಾಜು ಎದ್ದುನಿಂತು ಸ್ವಾಗತಿಸಿದ. ನಂಜುಂಡಪ್ಪನಿಗೆ ಗಾಬರಿಯಾಯಿತು.

“ಬಾರಪ್ಪ, ಬಾ. ಕೊರೆತಕ್ಕೆ ಸ್ಕೀಮ್ ಬಂದದೆ.”

“ಬಂತಾ! ಕಲ್ಲು ಕಟ್ಟೋದಾ?”

“ಕಡಲ ಕೊರೆತ. ಐವತ್ತು ವರ್ಷದ ಪ್ಲಾನು. ಸಮುದ್ರ ತಿಂದಷ್ಟು ಮರಳನ್ನ ನಾವು ತುಂಬ್ಕೊಡೋದು.”

“ನಮ್ದು ಹಳ್ಳ ಕಣಣ್ಣ.”

“ನೀರು ತಾನೆ? ಮಣ್ಣು ತಿಂತದೆ ತಾನೆ? ಮತ್ತೆ? ಸಣ್ಣಪುಟ್ಟದ್ದಕ್ಕೆಲ್ಲ ತಗಾದೆ ತೆಗೀಬ್ಯಾಡ.”

ಇಲ್ಲಿ ಒಂದು ವಿವರಣೆ ಬೇಕು. ಯಾವ ತಾಲ್ಲೂಕಿಗೂ ಅನ್ಯಾಯವಾಗಬಾರದೆಂದು ಆ ಯೋಜನೆಯನ್ನು ಎಲ್ಲ ತಾಲ್ಲೂಕುಗಳಿಗೂ ಸಮನಾಗಿ ಹಂಚಲಾಗಿತ್ತು. ಗುಂಡ್ಲುಪೇಟೆಯ ಪ್ರಗತಿ ಎರಡು ವರ್ಷ ಸೊನ್ನೆ. ಮೂರನೆಯ ಸೊನ್ನೆಗೆ ರಂಗರಾಜುವಿನ ವರ್ಗಾವಣೆ ಖಚಿತವಿತ್ತು. ಅರ್ಜಿ ನಮೂನೆಯ ಮೂರನೆಯ ಕಲಂ ‘ಸಮುದ್ರದಿಂದ ಇರುವ ದೂರ’. ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯುವಂತಿಲ್ಲ. ನಿಯಮ ಏಳರ ಪ್ರಕಾರ, ಎಲ್ಲ ಊರುಗಳೂ ಇಂದಲ್ಲ ನಾಳೆ ಕಡಲತೀರದಲ್ಲಿರತಕ್ಕದ್ದು.

ಆದ್ದರಿಂದ ರಂಗರಾಜು ಲೆಕ್ಕ ಹಾಕಿದ. ಸಮುದ್ರ ಕೇರಳದ ಕಡೆಯಿಂದ ವರ್ಷಕ್ಕೆ ಎರಡು ಅಡಿಯಂತೆ ತಿನ್ನುತ್ತ ಬಂದರೆ, ನೂರೈವತ್ತು ಕಿಲೋಮೀಟರಿಗೆ ಎರಡು ಲಕ್ಷದ ನಲವತ್ತಾರು ಸಾವಿರ ವರ್ಷ. ‘ದೀರ್ಘಾವಧಿ’ ಎಂಬ ಕಲಮಿನಲ್ಲಿ ಸರಿ ಗುರುತು ಹಾಕಿ ಕಡತವನ್ನು ಚಾಮರಾಜನಗರಕ್ಕೆ ಕಳಿಸಿದ.

ಚಾಮರಾಜನಗರದಲ್ಲಿ ಮೇಲಧಿಕಾರಿ ಮಂಗಳಗೌರಿ. ಬಹಳ ಕಟ್ಟುನಿಟ್ಟು, ಓದದೆ ಸಹಿ ಹಾಕುವವರಲ್ಲ. ಕಡತವನ್ನು ಪೂರ್ತಿ ಓದಿ ಆಕ್ಷೇಪಣೆಯೊಂದಿಗೆ ವಾಪಸು ಕಳಿಸಿದರು. “ಸದರಿ ಸಮುದ್ರವು ಬಂಡೀಪುರ ಮಾರ್ಗವಾಗಿ ಬರುವುದಾಗಿ ತೋರಿಸಲಾಗಿದೆ. ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿರ್ಬಂಧವಿರುವುದನ್ನು ಪರಿಗಣಿಸಿಲ್ಲ. ಇಂಥ ಲೋಪ ಮರುಕಳಿಸಬಾರದು.”

ಸ್ಪಷ್ಟನೆ ತರಲು ನಂಜುಂಡಪ್ಪನೇ ಬೈಕಿನಲ್ಲಿ ಬಂಡೀಪುರದ ಕಾಡಿನ ಗೇಟಿಗೆ ಹೋದ. ಗೇಟಿನಲ್ಲಿದ್ದ ಬೀರಯ್ಯ ಅವನ ಬಾಲ್ಯದ ಗೆಳೆಯ.

“ಸಮುದ್ರ ಬರ್ತದಂತೆ ಕಣ್ಲಾ ಬೀರ. ರಾತ್ರಿ ಒತ್ತು ಬುಟ್ಟೀಯ?”

ಬೀರಯ್ಯ ಯೋಚಿಸಿದ. “ಆಂಬುಲೆನ್ಸಾ?”

“ಅಲ್ಲ.”

“ಪರ್ಮಿಟ್ ಬಸ್ಸಾ?”

“ಸಮುದ್ರ ಕಣ್ಲಾ!”

“ಅಂಗಾದ್ರೆ ಬುಡಕ್ಕಾಗಲ್ಲ ಕಣ. ನಮ್ಮ ಮಾವುನ್ನೇ ಬುಟ್ಟಿಲ್ಲ ನಾನು. ಗೇಟಿನಾಚೆ ಸೈಡಿಗೆ ನಿಂತಿದ್ದು ಬೆಳಗ್ಗೆ ಆರಕ್ಕೆ ಬರಾಕೇಳು.”

ಇದನ್ನು ಬರೆದು ಸಹಿ ಮಾಡಿಕೊಟ್ಟ. ಕಾಡಿನೊಳಗಿನ ಇಪ್ಪತ್ತು ಕಿಲೋಮೀಟರಿನಲ್ಲಿ ಸಮುದ್ರ ದಿನಕ್ಕೆ ಒಂಬತ್ತು ಗಂಟೆ ನಿಲ್ಲುವುದರಿಂದ ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತು ವರ್ಷ ತಡವಾಗುತ್ತದೆಂದು ತಿದ್ದಿ ಕಳಿಸಲಾಯಿತು. ಮಂಗಳಗೌರಿ ಆವತ್ತೇ ಮಂಜೂರು ಮಾಡಿದರು.

ಮೇ ತಿಂಗಳಲ್ಲಿ ನಾಲ್ಕು ಲಾರಿ ಮರಳು ಬಂತು. ಅದೇ ಹಳ್ಳದ ಮೇಲ್ಗಡೆಯಿಂದ ತೆಗೆದ ಮರಳು, ಹಾಗಾಗಿ ಸಾಗಣೆ ಸುಲಭವಾಯಿತು. ದಡದಲ್ಲಿ ಸುರಿದು, ಹರಡಿ, ‘ಹಂಗಳ ಕಡಲತೀರ: ಈಜುವುದು ಅಪಾಯಕರ’ ಎಂದು ಬೋರ್ಡು ನೆಟ್ಟರು. ಜೂನ್ ಮಳೆಗೆ ಮರಳು ಒಂದೇ ಮಧ್ಯಾಹ್ನದಲ್ಲಿ ಹೊರಟುಹೋಯಿತು, ಜೊತೆಗೆ ಮೂರು ಹೆಜ್ಜೆ ಜಮೀನು. ಬೋರ್ಡು ಉಳಿಯಿತು.

“ಬೋ ಚೆನ್ನಾಯ್ತು,” ಎಂದು ರಂಗರಾಜು ಕೈ ಕುಲುಕಿದ. “ಮರಳು ಓದ್ರೇನೇ ಮರುಭರ್ತಿ. ಓಗ್ನಿಲ್ಲ ಅಂದಿದ್ರೆ ಸ್ಕೀಮೇ ಕ್ಯಾನ್ಸಲ್ಲು.”

ನಂಜುಂಡಪ್ಪ ಆರು ಹೆಜ್ಜೆ ಎಣಿಸಿದ. ಪುಟ್ಟಸಿದ್ದಮ್ಮನನ್ನು ಕರೆದ. ಅವಳು ಎಷ್ಟೇ ಹತ್ತಿರ ಹತ್ತಿರ ಕಾಲಿಟ್ಟರೂ ಒಂಬತ್ತೇ ಆಯಿತು.

ಅದರ ಮರುವಾರ ನೋಟಿಸು ಬಂತು. “ಕಡಲತೀರದ ಇನ್ನೂರು ಮೀಟರ್ ವ್ಯಾಪ್ತಿಯಲ್ಲಿ ಯಾವುದೇ ಕಟ್ಟಡ ಇರತಕ್ಕದ್ದಲ್ಲ. ತಮ್ಮ ಪಂಪ್‌ಸೆಟ್ ಮನೆಯನ್ನು ಹದಿನೈದು ದಿನದೊಳಗೆ ತೆರವುಗೊಳಿಸುವುದು.”

ನಂಜುಂಡಪ್ಪ ನೋಟಿಸನ್ನು ರಂಗರಾಜುವಿನ ಮೇಜಿನ ಮೇಲಿಟ್ಟ. “ಏನಣ್ಣ ಇಂಗ್ ಮಾಡ್ಬುಟ್ಟೆ? ಹಳ್ಳಕ್ಕೇ ಬುಟ್ಟಿದ್ರೂ ಇನ್ನೆರಡು ವರ್ಸ ತಕ್ಕತ್ತಿತ್ತು. ನೀನು ಹದಿನೈದು ದಿನಕ್ಕೇ ಮುಗುಸ್ತಿದ್ದೀಯಲ್ಲ.”

ರಂಗರಾಜು ಬೇಜಾರು ಮಾಡಿಕೊಳ್ಳಲಿಲ್ಲ. ನಿಯಮದ ಪುಸ್ತಕ ತಿರುಗಿಸುತ್ತ ಕುಳಿತ, ಒಂದು ಕಡೆ ಬೆರಳಿಟ್ಟ. “ವಿನಾಯ್ತಿ ಅದೆ ನೋಡು. ಮೀನುಗಾರರ ದೋಣಿ ಮನೆ ಇರಬೋದು. ನೀನು ಮೀನುಗಾರ ಆಗ್ಬುಡು.”

ಪಕ್ಕದಲ್ಲಿ ನಿಂತಿದ್ದ ಪುಟ್ಟಸಿದ್ದಮ್ಮ ಬಾಯಿಗೆ ಸೆರಗು ಹಿಡಿದಳು. “ಈಯಪ್ಪಂಗೆ ಈಜಾಕೂ ಬರಲ್ಲ, ಮೀನು ವಾಸ್ನೆ ಬಂದ್ರೆ ಬಸ್ಸೇ ಇಳಿತಾನೆ.”

“ಹಿಡೀಬೇಕು, ತಿನ್ನಬೇಕು ಅಂತ ಎಲ್ಲೂ ಬರೆದಿಲ್ಲಮ್ಮ. ದೋಣಿ ಇರಬೇಕು, ಅಷ್ಟೆ.”

ದೋಣಿ ಮನೆಯಲ್ಲೇ ಇತ್ತು: ಅರಿಶಿನ ಬೇಯಿಸುವ ಕಬ್ಬಿಣದ ಕೊಪ್ಪರಿಗೆ. ನಾಲ್ಕು ಜನ ಕುಳಿತುಕೊಳ್ಳುವಷ್ಟು ಅಗಲ. ಅದಕ್ಕೆ ನೀಲಿ ಬಣ್ಣ ಬಳಿದು, ‘ಗುಂ.ಪೇ. ೧’ ಎಂದು ನಂಬರು ಬರೆದು, ಪಂಪ್‌ಸೆಟ್ ಮನೆಯೊಳಗೆ ನಿಲ್ಲಿಸಿದರು. ಪರಿಶೀಲನೆಗೆ ಸ್ವತಃ ಮಂಗಳಗೌರಿ ಬಂದರು. ಒಣಗಿದ ಹಳ್ಳವನ್ನು ನೋಡಿದರು, ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿದರು.

“ಇದು ತೇಲುತ್ತದೆಯೇ?”

ನಂಜುಂಡಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ನೀರು ಬಂದ್ರೆ ತೇಲ್ತದೆ ಮೇಡಂ.”

ಅವರು “ಎಲ್ಲ ದೋಣಿಯೂ ಹಾಗೆಯೇ” ಎಂದು ಬರೆದುಕೊಂಡರು. ಆಮೇಲೆ ಬಾಗಿಲಿನಿಂದ ದಡದವರೆಗೆ ತಾವೇ ನಡೆದು ನೋಡಿ, ತಿರುಗಿ ಹೇಳಿದರು: “ನೋಂದಾಯಿತ ಮೀನುಗಾರರ ದೋಣಿ ಮನೆ ಇಷ್ಟು ಅಂಚಿನಲ್ಲಿದೆ, ಅಲೆತಡೆ ಗೋಡೆಯೇ ಇಲ್ಲವಲ್ಲ? ರಂಗರಾಜು, ಏನು ಮಾಡುತ್ತಿದ್ದೀರಿ ಇಷ್ಟು ದಿನ?”

ಒಂದೂವರೆ ತಿಂಗಳಲ್ಲಿ ಗೋಡೆ ಎದ್ದಿತು. ಕಲ್ಲಿನದೇ, ನಲವತ್ತು ಮೀಟರ್, ಆರು ವರ್ಷದಿಂದ ಕೇಳುತ್ತಿದ್ದ ಜಾಗದಲ್ಲೇ. ಅಕ್ಟೋಬರ್ ಮಳೆಗೆ ಹಳ್ಳ ಬಂದು ಗೋಡೆಗೆ ಬಡಿದು, ಕೆಂಪಗೆ ತಿರುಗಿಕೊಂಡು ಹೋಯಿತು. ಬೆಳಿಗ್ಗೆ ನಂಜುಂಡಪ್ಪ ಎಣಿಸಿದ. ಆರು. ನಂಬಿಕೆಯಾಗದೆ ಮತ್ತೆ ಎಣಿಸಿದ. ಆರೇ. ಪುಟ್ಟಸಿದ್ದಮ್ಮನನ್ನು ಕರೆಯಲಿಲ್ಲ.

ಈಗ ಊರಿನವರು ಹೊಲಕ್ಕೆ ಹೋಗುವುದನ್ನು ಬೀಚಿಗೆ ಹೋಗುವುದು ಎನ್ನುತ್ತಾರೆ. ಪ್ರತಿ ಮೇ ತಿಂಗಳು ನಾಲ್ಕು ಲಾರಿ ಮರಳು ಬರುತ್ತದೆ, ಜೂನ್‌ನಲ್ಲಿ ಹೋಗುತ್ತದೆ. ಅರಿಶಿನ ಬೇಯಿಸುವ ಕಾಲಕ್ಕೆ ದೋಣಿಯನ್ನು ಒಲೆಯ ಮೇಲಿಡಲು ಲಿಖಿತ ಅನುಮತಿ ಸಿಗುತ್ತದೆ. ಗೋಡೆಗೆ ಒಂದೇ ಷರತ್ತು: ದಿನಕ್ಕೆ ಮೂರು ಸಲ ಅಲೆ ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ನಂಜುಂಡಪ್ಪ ಒಬ್ಬನಿಂದ ಆಗದು, ಆದ್ದರಿಂದ ಅಕ್ಕಪಕ್ಕದ ಹೊಲದ ನಾವು ಏಳು ಮನೆಯವರು ಸರದಿ ಹಂಚಿಕೊಂಡಿದ್ದೇವೆ. ಅಲೆ ಇಲ್ಲದ ದಿನ ಸೊನ್ನೆ ಬರೆಯಬಾರದು, ‘ಶಾಂತ’ ಎಂದು ಬರೆಯಬೇಕು. ಯಾಕೆಂದರೆ ಸೊನ್ನೆ ಎಂದರೆ ಅಲೆಯೇ ಇಲ್ಲ ಎಂದಾಗುತ್ತದೆ, ಶಾಂತ ಎಂದರೆ ಅಲೆ ಇದೆ ಆದರೆ ಸದ್ಯಕ್ಕೆ... ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ನೋಡಿ, ರಿಜಿಸ್ಟರಿನ ಐದನೆಯ ಕಲಮಿನಲ್ಲಿ...

ತಡೆಯಿರಿ, ಪುಟ್ಟಸಿದ್ದಮ್ಮ ಬೇಲಿ ಹತ್ತಿರ ಕೂಗುತ್ತಿದ್ದಾಳೆ. “ಅಣ್ಣೋ, ಏನ್ ಬರ್ಕಂಡು ಕೂತಿದ್ದೀಯ? ಇವತ್ತು ಮಧ್ಯಾನ್ನದ ಅಲೆ ನಿಂದು ಕಣ, ಬಿರ್ನೆ ಬಾ!”